ವ್ಯಾಸಂಗಶೀಲ: ಒಂದು ಸಮೀಕ್ಷೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಮದ್ದೂರನ್ನು ದಾಟಿ ಮಂಡ್ಯದ ಕಡೆಗೆ ಸಾಗುವ ಪ್ರಯಾಣಿಕನಿಗೆ ಗೆಜ್ಜಲಗೆರೆ ಎಂಬ ಹೆಸರು ನೆನಪಿನಲ್ಲಿ ಉಳಿಯುವುದು ಅಲ್ಲಿಯ ಹಾಲಿನ ಡೇರಿಯ ದೆಸೆಯಿಂದ. ಸುತ್ತಲಿನ ಹಳ್ಳಿಗಳ ಸೊಸೈಟಿಗಳಲ್ಲಿ ಬೆಳಗ್ಗೆಯೂ ಸಂಜೆಯೂ ಕ್ಯಾನು ಹಿಡಿದು ಸಾಲುನಿಂತವರ ಹಾಲನ್ನು ಅಳೆದುಕೊಳ್ಳುವುದಕ್ಕೆ ಮೊದಲು ಅದರ ಡಿಗ್ರಿಯನ್ನೂ ಫ್ಯಾಟನ್ನೂ ನೋಡುವ ಪದ್ಧತಿಯುಂಟು. ಹಾಲು ತಂದಾತ ಊರಿಗೆ ಹಿರಿಯನಾಗಿರಲಿ, ಸೊಸೈಟಿಯ ಕಾರ್ಯದರ್ಶಿಗೆ ಒಡಹುಟ್ಟಿದವನೇ ಆಗಿರಲಿ, ಪರೀಕ್ಷೆಯಿಲ್ಲದೆ ಅವನ ಹಾಲು ಇತರರ ಹಾಲಿನೊಡನೆ ಬೆರೆಯಲಾರದು. ಹಾಗೆ ಪರೀಕ್ಷಿಸಿದುದಕ್ಕಾಗಿ ಯಾರೂ ಅವಮಾನವೆಂದು ಭಾವಿಸುವುದೂ ಇಲ್ಲ. ಆದರೆ ಅದೇ ಮನೆಯಿಂದ ಕಾಲೇಜಿಗೆ ಹೋಗುವ ಹುಡುಗನೋ ಹುಡುಗಿಯೋ ಗೈಡಿನೊಳಗಿನ ಒಂದು ವಾಕ್ಯವನ್ನು ಕಂಡಾಗ, ಇದನ್ನು ಹೇಳಿದವರು ಯಾರು, ಇದು ಎಲ್ಲಿಂದ ಬಂದುದು, ಇದರಲ್ಲಿ ಹಾಲೆಷ್ಟು, ನೀರೆಷ್ಟು ಎಂದು ಕೇಳದೆ, ಅದನ್ನು ಹಾಗೆಯೇ ನೋಟುಪುಸ್ತಕಕ್ಕೆ ಇಳಿಸಿಕೊಳ್ಳುವುದನ್ನು ನಾವು ನಿತ್ಯವೂ ಕಾಣುತ್ತೇವೆ. ಹಾಲಿನ ವಿಷಯದಲ್ಲಿ ಇಷ್ಟು ಎಚ್ಚರವಿರುವ ಜನ ಅಕ್ಷರದ ವಿಷಯದಲ್ಲಿ ಇಷ್ಟು ಉದಾರಿಗಳಾದುದು ಹೇಗೆ ಎಂಬ ಪ್ರಶ್ನೆಯೇ ಈ ಸಮೀಕ್ಷೆಗೆ ಕಾರಣ.

ಕನ್ನಡದಲ್ಲಿ 'ಅಭ್ಯಾಸ' ಎಂಬ ಶಬ್ದಕ್ಕೆ ಎರಡು ಮುಖಗಳುಂಟು. ಒಬ್ಬನು ಮೈಸೂರಿನಲ್ಲಿ ಅಭ್ಯಾಸ ಮಾಡಿದನೆಂದರೆ ಅಲ್ಲಿ ಓದಿದನೆಂದು ಅರ್ಥ. ಅವನಿಗೆ ಕೋಳಿ ಕೂಗುವ ಹೊತ್ತಿಗೆ ಏಳುವ ಅಭ್ಯಾಸವೆಂದರೆ ಅದು ರೂಢಿಯೆಂದು ಅರ್ಥ. ಓದಿಗೂ ರೂಢಿಗೂ ಒಂದೇ ಹೆಸರನ್ನಿಟ್ಟ ನಮ್ಮ ಪೂರ್ವಿಕರು ಬಹಳ ತಿಳಿದವರೆಂದೇ ನನ್ನ ಎಣಿಕೆ. ಏಕೆಂದರೆ ರೂಢಿಯಾಗಿ ನೆಲೆಗೊಳ್ಳದ ಓದು ಪರೀಕ್ಷೆಯ ದಿನದವರೆಗಿನ ಪ್ರಯಾಸ ಮಾತ್ರ. ವಿಚಾರವಿಲ್ಲದ ರೂಢಿಯಾದರೋ ಗಾಣದೆತ್ತಿನ ಸುತ್ತು. ಇವೆರಡೂ ಒಂದಾದ ಸ್ಥಿತಿಗೆ 'ವ್ಯಾಸಂಗಶೀಲ' ಎಂಬ ಹೆಸರು ಒಪ್ಪುತ್ತದೆ. ಬೇಗ ಏಳುವುದು, ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುವುದು, ಬಣ್ಣದ ಶಾಯಿಯಲ್ಲಿ ಗೆರೆ ಎಳೆಯುವುದು ಮೊದಲಾದ ಉಪದೇಶಗಳನ್ನು ವಿದ್ಯಾರ್ಥಿಗಳು ಸಾಕಷ್ಟು ಕೇಳಿದ್ದಾರೆ. ಅವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಈ ನಾಡಿನಲ್ಲಿ ವಿದ್ವತ್ತನ್ನು ನಿಜವಾಗಿ ಬೆಳೆಸಿದವರ ಕೆಲಸವನ್ನು ಹತ್ತಿರದಿಂದ ನೋಡಿದರೆ, ಇವೆಲ್ಲಕ್ಕಿಂತ ಆಳದಲ್ಲಿ ಒಂದೇ ಒಂದು ಅಭ್ಯಾಸ ಬೇರಿನಂತೆ ಹಬ್ಬಿರುವುದು ಕಾಣುತ್ತದೆ. ಅದು ತಿರುಗಿ ನೋಡುವ ಅಭ್ಯಾಸ: ಓದಿದ ಪಾಠಕ್ಕೆ ತಿರುಗಿ ಬರುವುದು, ಕೇಳಿದ ಮಾತಿನ ಮೂಲಕ್ಕೆ ತಿರುಗಿ ಹೋಗುವುದು, ತಾನೇ ಬರೆದುದನ್ನು ತಿರುಗಿ ತಿದ್ದುವುದು.

ಈ ಪ್ರಶ್ನೆ ನಮ್ಮಲ್ಲಿ ಹೊಸದಲ್ಲ. ವೇದಾಂತಿಗಳು ಜ್ಞಾನದ ಮಾರ್ಗವನ್ನು ಶ್ರವಣ, ಮನನ, ನಿದಿಧ್ಯಾಸನ ಎಂದು ಮೂರಾಗಿ ವಿಭಾಗಿಸಿದಾಗ, ಕೇಳುವುದು ಮೂರರಲ್ಲಿ ಒಂದು ಪಾಲು ಮಾತ್ರವೆಂದೂ ಉಳಿದ ಎರಡು ಪಾಲು ಕೇಳಿದವನ ಮೇಲೆಯೇ ಬಿದ್ದ ಹೊರೆಯೆಂದೂ ಸೂಚಿಸಿದರು. ವಿದ್ಯೆಯ ಕಾಲುಭಾಗ ಆಚಾರ್ಯನಿಂದ, ಕಾಲುಭಾಗ ಸ್ವಬುದ್ಧಿಯಿಂದ, ಕಾಲುಭಾಗ ಸಹಪಾಠಿಗಳಿಂದ, ಉಳಿದುದು ಕಾಲಕ್ರಮದಿಂದ ಬರತಕ್ಕದ್ದೆಂಬ ಸುಭಾಷಿತದ ಲೆಕ್ಕವನ್ನು ನಮ್ಮ ಹಿರಿಯರು ಮನೆಮಾತಿನಂತೆ ಬಲ್ಲರು. ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಮಗ್ಗಿಯನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿ, ಸಂಜೆಗೆ ಒಪ್ಪಿಸಿ ಮನೆಗೆ ಹೋಗುತ್ತಿದ್ದರು. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಗಿ ಪಾಶ್ಚಾತ್ಯ ಕ್ರಮದ ಪರೀಕ್ಷೆಗಳೂ ಗ್ರಂಥಾಲಯಗಳೂ ವ್ಯಾಪಕವಾಗುತ್ತ ಬಂದಂತೆ ಬಾಯಿಪಾಠಕ್ಕೆ 'ಉರು ಹೊಡೆಯುವುದು' ಎಂಬ ಹೀನಾರ್ಥದ ಹೆಸರು ಅಂಟಿಕೊಂಡಿತು. ವಿಚಿತ್ರವೆಂದರೆ ಹೆಸರು ಕೆಟ್ಟರೂ ಕೆಲಸ ನಿಲ್ಲಲಿಲ್ಲ. ಹಳೆಯ ವಿದ್ಯಾರ್ಥಿ ಮೂಲಗ್ರಂಥವನ್ನು ಬಾಯಿಪಾಠ ಮಾಡುತ್ತಿದ್ದನು. ಹೊಸ ವಿದ್ಯಾರ್ಥಿ ಮೂಲದ ಬಗ್ಗೆ ಮತ್ತೊಬ್ಬರು ಬರೆದ ಉತ್ತರವನ್ನು ಬಾಯಿಪಾಠ ಮಾಡುತ್ತಾನೆ. ನೆನಪಿನ ಶ್ರಮ ಇಬ್ಬರಿಗೂ ಸಮಾನ. ಆದರೆ ಮೊದಲನೆಯವನಿಗೆ ಅರ್ಥವು ಇಂದಲ್ಲ ನಾಳೆ ಹೊಳೆಯಬಹುದಾಗಿತ್ತು, ಎರಡನೆಯವನಿಗೆ ಹೊಳೆಯುವುದಕ್ಕೆ ಒಳಗೆ ಏನೂ ಇರುವುದಿಲ್ಲ. ಆದಕಾರಣ ಬಾಯಿಪಾಠ ಬೇಕೋ ಬೇಡವೋ ಎಂಬ ವಿವಾದವನ್ನು ಬಿಟ್ಟು, ಯಾವುದನ್ನು ಬಾಯಿಪಾಠ ಮಾಡತಕ್ಕದ್ದೆಂದು ಕೇಳುವುದೇ ಲೇಸು.

ಇನ್ನು ಕಾಲದ ವಿಚಾರ. ಕೃಷ್ಣರಾಜಸಾಗರದ ನೀರನ್ನು ಹೊತ್ತು ಬರುವ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬೇಸಾಯ ಮಾಡುವವರಿಗೆ 'ಕಟ್ಟು ನೀರು' ಎಂದರೆ ವಿವರಿಸಬೇಕಾಗಿಲ್ಲ: ಕೆಲವು ದಿನ ನೀರು ಬಿಟ್ಟು, ಕೆಲವು ದಿನ ನಿಲ್ಲಿಸಿ, ಮತ್ತೆ ಬಿಡುವ ಕ್ರಮ ಅದು. ತಿಂಗಳ ನೀರನ್ನೆಲ್ಲ ಒಂದೇ ರಾತ್ರಿ ಗದ್ದೆಗೆ ನುಗ್ಗಿಸಿದರೆ ಬದು ಒಡೆದು ಗೊಬ್ಬರ ಕೊಚ್ಚಿಹೋಗುವುದೇ ಹೊರತು ಪೈರು ದಪ್ಪಗಾಗುವುದಿಲ್ಲವೆಂಬುದನ್ನು ನೀರುಗಂಟಿಗೆ ಯಾರೂ ಬೋಧಿಸಬೇಕಾದುದಿಲ್ಲ. ಆದರೂ ಆ ನೀರುಗಂಟಿಯ ಮಗನೇ ಮೂರು ತಿಂಗಳ ಪಾಠವನ್ನು ಪರೀಕ್ಷೆಯ ಮುನ್ನಾದಿನ ರಾತ್ರಿ ಕುಳಿತು ಮುಗಿಸಹೊರಡುತ್ತಾನೆ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಸ್ಥ ಮಾಡಿ, ತಾನೇ ಮರೆತು, ಮರೆವಿನ ವೇಗವನ್ನು ಅಳೆದು 1885ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಕಲಿತುದರಲ್ಲಿ ಬಹುಭಾಗ ಮೊದಲ ಕೆಲವು ಗಂಟೆಗಳಲ್ಲಿಯೇ ಸೋರಿಹೋಗುತ್ತದೆಂದೂ ಅನಂತರ ಮರೆವು ನಿಧಾನವಾಗುತ್ತದೆಂದೂ ಗೊತ್ತಾಯಿತು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಮನನೀಯವಾದುದು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಮತ್ತೊಂದು ಗುಂಪಿನವರು ಓದಿ, ಪುಸ್ತಕ ಮುಚ್ಚಿ, ನೆನಪಾದುದನ್ನು ಬರೆದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ಬಳಿಕ ಪರೀಕ್ಷಿಸಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದಾದರು. ಸಂಜೆಗೆ ಪಾಠ ಒಪ್ಪಿಸದೆ ಮನೆಗೆ ಹೋಗಗೊಡದ ಕೂಲಿಮಠದ ಅಯ್ಯನವರು ಈ ತತ್ತ್ವವನ್ನು ಪ್ರಯೋಗವಿಲ್ಲದೆಯೇ ಕಂಡುಕೊಂಡಿದ್ದರೆಂದು ಹೇಳಿದರೆ ತಪ್ಪಾಗಲಾರದು.

ಕಾಲಕ್ಕಿಂತ ದೊಡ್ಡದು ಓದಿನ ರೀತಿ. ಅದಕ್ಕೆ ನಮ್ಮ ಮದ್ದೂರು ತಾಲ್ಲೂಕಿನಲ್ಲಿಯೇ ಒಂದು ಅಪೂರ್ವವಾದ ದೃಷ್ಟಾಂತವುಂಟು. ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲೊಂದು ಕ್ರಿ.ಶ. 949–50ಕ್ಕೆ ಸೇರಿದುದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದಾಗ ಗಂಗರ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದುದನ್ನೂ, ಬೂತುಗನ ಬಂಟನಾದ ಮಣಲೇರನು ತನ್ನ ಪರಾಕ್ರಮಕ್ಕೆ ಮೆಚ್ಚಾಗಿ ಅರಸನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದುದನ್ನೂ, ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ ಎರಡೂ ಸತ್ತುದನ್ನೂ ಆ ಕಲ್ಲು ಹೇಳುತ್ತದೆ. ಬಿ. ಎಲ್. ರೈಸ್ ಮಹಾಶಯರು ಮಂಡ್ಯ, ಮದ್ದೂರು, ಮಳವಳ್ಳಿಗಳ ಶಾಸನಗಳನ್ನೊಳಗೊಂಡ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೆಯ ಸಂಪುಟವನ್ನು 1894ರಲ್ಲಿ ಹೊರತಂದಾಗ ಈ ಶಾಸನವೂ ಅದರಲ್ಲಿ ಸೇರಿತು. ನಾಯಿಗೆ ನಿಲ್ಲಿಸಿದ ಕಲ್ಲೊಂದು ದಕ್ಷಿಣ ಭಾರತದ ರಾಜಕೀಯ ಚರಿತ್ರೆಯ ಒಂದು ಮುಖ್ಯ ಘಟನೆಗೆ ಸಾಕ್ಷಿಯಾದುದು ಆಶ್ಚರ್ಯವೇ. ಆದರೆ ವಿದ್ಯಾರ್ಥಿಗೆ ಅದಕ್ಕಿಂತ ಹೆಚ್ಚಿನ ಪಾಠವಿರುವುದು ಆ ಕಲ್ಲಿನಲ್ಲಿರುವ ಒಂದು ಶಬ್ದದಲ್ಲಿ.

ಬೂತುಗನು ರಾಜಾದಿತ್ಯನನ್ನು ಕೊಂದ ಬಗೆಯನ್ನು ತಿಳಿಸುವ ಕಡೆ ಶಾಸನವು 'ಬಿಸುಗೆ' ಎಂಬ ಮಾತನ್ನು ಬಳಸಿದೆ. ಹೊಸಗನ್ನಡದ ಕಿವಿಗೆ ಈ ಶಬ್ದ ಬಿದ್ದೊಡನೆ 'ಬೆಸುಗೆ' ನೆನಪಾಗುವುದು ಸಹಜ. ಈ ಮಾತಿನ ಅರ್ಥವೂ ಅದರ ಪಕ್ಕದ 'ಕಳ' ಎಂಬುದರ ವಾಚನವೂ ಸರಿಯಾಗಿ ಹೊಳೆಯದಿದ್ದ ಕಾಲದಲ್ಲಿ, ಬೂತುಗನು ರಾಜಾದಿತ್ಯನನ್ನು ನಂಬಿಸಿ ಮೋಸದಿಂದ ಇರಿದು ಕೊಂದನೆಂಬ ಅರ್ಥ ಹುಟ್ಟಿಕೊಂಡಿತು. ಚರಿತ್ರೆಯನ್ನು ಬರೆದವರಲ್ಲಿ ಕೆಲವರು ಅದನ್ನೇ ನಂಬಿ ಬರೆದರು. ಹೀಗೆ ಗಂಗರ ವೀರನೊಬ್ಬನಿಗೆ ಸಾವಿರ ವರ್ಷಗಳ ಬಳಿಕ ವಿಶ್ವಾಸಘಾತುಕನೆಂಬ ಅಪಕೀರ್ತಿ ಬಂದೊದಗಿತು. ಮುಂದೆ ಜೆ. ಎಫ್. ಫ್ಲೀಟ್ ಆ ಶಾಸನವನ್ನು ಪುನಃ ಪರಿಶೀಲಿಸಿ ಸಂಪಾದಿಸಿದಾಗ, 'ಬಿಸುಗೆ' ಎಂದರೆ ಆನೆಯ ಮೇಲಿನ ಪೀಠವೆಂದೂ 'ಕಳ'ವೆಂದರೆ ಯುದ್ಧಭೂಮಿಯೆಂದೂ, ಆನೆಯ ಅಂಬಾರಿಯನ್ನೇ ರಣರಂಗವನ್ನಾಗಿ ಮಾಡಿಕೊಂಡು ಬೂತುಗನು ಎದುರಾಳಿಯನ್ನು ಇರಿದನೆಂದೇ ಅಲ್ಲಿಯ ತಾತ್ಪರ್ಯವೆಂದೂ ಇತ್ಯರ್ಥವಾಯಿತು. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದು ಚೋಳರ ಕಡೆಯ ಶಾಸನವೂ ಹೇಳುವುದರಿಂದ ಈ ಅರ್ಥಕ್ಕೆ ಹೊರಗಿನ ಬೆಂಬಲವೂ ದೊರೆಯಿತು. ಒಂದು ಶಬ್ದದ ಮೇಲೆ ಒಬ್ಬ ಮನುಷ್ಯನ ಮಾನ ನಿಂತಿತ್ತು. ಅದನ್ನು ಉಳಿಸಿದುದು ಯಾರ ಪ್ರತಿಭೆಯೂ ಅಲ್ಲ, ಕಲ್ಲಿನ ಬಳಿಗೆ ಮತ್ತೊಮ್ಮೆ ಹೋಗಿ ಅಕ್ಷರವನ್ನು ಮತ್ತೊಮ್ಮೆ ಓದುವ ಸಹನೆ. ಗೊತ್ತಿಲ್ಲದ ಶಬ್ದವನ್ನು ವಿದ್ಯಾರ್ಥಿ ಹೇಗೂ ನಿಘಂಟಿನಲ್ಲಿ ನೋಡಿಯಾನು. ಗೊತ್ತಿದೆಯೆಂದು ತೋರುವ ಶಬ್ದವನ್ನೂ ನೋಡುವವನೇ ನಿಜವಾದ ಓದುಗ.

ಮೂಲಕ್ಕೆ ಹಿಂದಿರುಗುವ ಈ ಗುಣವನ್ನು ಜೀವಮಾನವಿಡೀ ಪಾಲಿಸಿದವರೊಬ್ಬರು ಇಂದಿನ ಮಂಡ್ಯ ಜಿಲ್ಲೆಯಲ್ಲಿಯೇ ಹುಟ್ಟಿದವರು. ಶ್ರೀರಂಗಪಟ್ಟಣದ ಬಳಿಯ ಕೊಪ್ಪಲಿನಲ್ಲಿ 1860ರಲ್ಲಿ ಜನಿಸಿದ ಆರ್. ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಪ್ರಾಚ್ಯಶೋಧನ ಇಲಾಖೆಯನ್ನು ನಡೆಸುತ್ತ, ಊರೂರು ಅಲೆದು, ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ನೋಡಿ, 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳನ್ನು 1907, 1919, 1929ರಲ್ಲಿ ಬೆಳಕಿಗೆ ತಂದರು. ಶ್ರವಣಬೆಳಗೊಳದ ಶಾಸನಗಳ ಕತೆ ಅವರ ರೀತಿಯನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿಯ ಶಾಸನಗಳನ್ನು ರೈಸರು 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ನರಸಿಂಹಾಚಾರ್ಯರು ಪರಿಷ್ಕರಿಸಿದ ಸಂಪುಟ 1923ರಲ್ಲಿ ಬಂದಾಗ ಆ ಸಂಖ್ಯೆ 500. ಬೆಟ್ಟ ಅದೇ, ಬಂಡೆ ಅದೇ, ಹತ್ತಿ ಇಳಿಯುವ ಮೆಟ್ಟಿಲೂ ಅದೇ. ಆದರೆ ಆಗಿಹೋದ ಕೆಲಸವೆಂದು ಎಲ್ಲರೂ ಭಾವಿಸಿದ್ದ ಸ್ಥಳಕ್ಕೆ ಮತ್ತೆ ಹೋದವರ ಕಣ್ಣಿಗೆ ಮುನ್ನೂರಕ್ಕೂ ಹೆಚ್ಚು ಬರಹಗಳು ಹೊಸದಾಗಿ ಕಂಡವು. ಇದರಿಂದ ರೈಸರ ಹಿರಿಮೆ ಕುಂದುವುದಿಲ್ಲ. ಮೊದಲ ಹಾದಿ ಕಡಿದವರು ಅವರೇ. ಇನ್ನೂ ಮುಖ್ಯವಾದ ಮಾತೆಂದರೆ, ಪರರ ಗ್ರಂಥವನ್ನು ತಿದ್ದಿದ ಆಚಾರ್ಯರು ತಮ್ಮದನ್ನೂ ಬಿಡಲಿಲ್ಲ: ಕವಿಚರಿತೆಯ ಮೊದಲ ಸಂಪುಟವನ್ನು 1924ರಲ್ಲಿ ಪರಿಷ್ಕರಿಸಿ ಪುನಃ ಮುದ್ರಿಸಿದರು. ತನ್ನ ಅಚ್ಚಾದ ಪುಸ್ತಕವನ್ನು ಹದಿನೇಳು ವರ್ಷಗಳ ಬಳಿಕ ವಿದ್ಯಾರ್ಥಿಯ ಕಣ್ಣಿನಿಂದ ಓದಬಲ್ಲವನು ಯಾವ ವಯಸ್ಸಿನಲ್ಲಿಯೂ ವಿದ್ಯಾರ್ಥಿಯೇ.

ಓದಿದುದನ್ನು ಕೂಡಿಡುವ ಕ್ರಮದ ವಿಷಯದಲ್ಲಿ ಎರಡು ನಿಘಂಟುಗಳು ನಮಗೆ ಗುರುಗಳಾಗಬಹುದು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1894ರಲ್ಲಿ ಹೊರಟ ಕಿಟೆಲ್ಲರ ಕೋಶವನ್ನು ತೆರೆದು ನೋಡಿದವರಿಗೆ, ಶಬ್ದದ ಅರ್ಥದೊಡನೆ ಅದು ಯಾವ ಕಾವ್ಯದ ಯಾವ ಸಂಧಿಯ ಎಷ್ಟನೆಯ ಪದ್ಯದಲ್ಲಿ ಬಂದಿದೆ, ಯಾವ ಸೀಮೆಯ ಬಳಕೆ ಎಂಬುದನ್ನು ಸಂಕ್ಷೇಪಾಕ್ಷರಗಳಲ್ಲಿ ಸೂಚಿಸಿರುವುದು ಕಾಣುತ್ತದೆ. ಓದುಗನು ತನ್ನನ್ನು ನಂಬಬೇಕೆಂದು ಕೇಳಿಕೊಳ್ಳುವ ಬದಲು ತನ್ನನ್ನು ಪರೀಕ್ಷಿಸುವುದಕ್ಕೆ ಬೇಕಾದ ದಾರಿಯನ್ನು ಕಿಟೆಲ್ಲರೇ ತೋರಿಸಿಟ್ಟರು. ಅಡಿಟಿಪ್ಪಣಿಯೆಂಬುದರ ಧರ್ಮವೂ ಅದೇ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಪ್ರಕಟಣೆ 1970ರಲ್ಲಿ ಆರಂಭವಾಗಿ 1995ರಲ್ಲಿ ಮುಗಿಯಿತು. ಅದರ ಹಿಂದೆ ಇದ್ದುದು ಶಾಸನಗಳಿಂದ ಹಿಡಿದು ಆಧುನಿಕ ಗ್ರಂಥಗಳವರೆಗೆ ಓದಿ, ಒಂದೊಂದು ಪ್ರಯೋಗವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಅಕಾರಾದಿಯಾಗಿ ಜೋಡಿಸುವ ಕೆಲಸ. ಆ ಕಾರ್ಯದಲ್ಲಿ ಬಹುಕಾಲ ಮುಂದಾಳಾಗಿದ್ದ ಜಿ. ವೆಂಕಟಸುಬ್ಬಯ್ಯನವರು ಗಂಜಾಂ ಮನೆತನದವರು, ಅಂದರೆ ನಮ್ಮ ಜಿಲ್ಲೆಯವರು. 1913ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಅವರು ನೂರರ ಗಡಿ ದಾಟಿದ ಮೇಲೆಯೂ ಶಬ್ದಗಳ ಸಹವಾಸವನ್ನು ಬಿಡಲಿಲ್ಲ. 'ಇಗೋ ಕನ್ನಡ' ಅಂಕಣದಲ್ಲಿ ಯಾವುದೋ ಹಳ್ಳಿಯ ಓದುಗ ಕೇಳಿದ ಒಂದು ಶಬ್ದಕ್ಕೂ ಅವರು ಅದೇ ಗಾಂಭೀರ್ಯದಿಂದ ಉತ್ತರ ಹೇಳುತ್ತಿದ್ದರು.

ಟಿಪ್ಪಣಿಯನ್ನು ಎಷ್ಟು ಬರೆಯಬೇಕೆಂದು ಕೇಳುವ ವಿದ್ಯಾರ್ಥಿಗಳನ್ನು ಒಮ್ಮೆ ಆಲೆಮನೆಗೆ ಕರೆದೊಯ್ಯಬೇಕು. ಗಾಣದಿಂದ ಇಳಿದ ಕಬ್ಬಿನ ಹಾಲನ್ನೆಲ್ಲ ಹಾಗೆಯೇ ಅಚ್ಚಿಗೆ ಹೊಯ್ದರೆ ಬೆಲ್ಲವಾಗುವುದಿಲ್ಲ. ಕೊಪ್ಪರಿಗೆಯಲ್ಲಿ ಕುದಿಸಿ, ಮೇಲೆ ಬಂದ ಮಡ್ಡಿಯನ್ನು ತೆಗೆದು, ಪಾಕದ ಹದವನ್ನು ಬಲ್ಲವನು ನೋಡಿ ಇಳಿಸಿದಾಗ ಮಾತ್ರ ಅದು ಗಟ್ಟಿಯಾಗುತ್ತದೆ. ಅಧ್ಯಾಪಕರ ಮಾತನ್ನು ಅಕ್ಷರಕ್ಕೆ ಅಕ್ಷರ ಇಳಿಸಿಕೊಂಡ ನೋಟುಪುಸ್ತಕ ಹಸಿಹಾಲಿನಂತೆ. ಅದು ನಾಲ್ಕು ದಿನಕ್ಕೆ ಹುಳಿಯುವುದು. ಅದೇ ದಿನ ಸಂಜೆ ಅದನ್ನು ತನ್ನ ಮಾತಿನಲ್ಲಿ ಅರ್ಧಪುಟಕ್ಕೆ ಇಳಿಸಿ, ತಿಳಿಯದೆ ಉಳಿದುದನ್ನು ಬೇರೆಯಾಗಿ ಗುರುತಿಸಿ, ಗ್ರಂಥದ ಹೆಸರನ್ನೂ ಪುಟದ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆದಿಟ್ಟವನ ಬಳಿ ವರ್ಷದ ಕೊನೆಗೆ ಅಚ್ಚುಬೆಲ್ಲ ಉಳಿಯುತ್ತದೆ. ಪುಟದ ಸಂಖ್ಯೆಯನ್ನು ಬರೆಯಲು ಹಿಡಿಯುವುದು ಎರಡು ಕ್ಷಣ. ಬರೆಯದೆ ಬಿಟ್ಟುದನ್ನು ಮತ್ತೆ ಹುಡುಕಲು ಎರಡು ದಿನವೂ ಸಾಲದೆಂಬುದು ಪ್ರಬಂಧ ಬರೆದ ಎಲ್ಲರ ಅನುಭವ.

ಪುಸ್ತಕದಿಂದ ಕಲಿಯುವ ಶೀಲವೇ ಜನರಿಂದ ಕಲಿಯುವಾಗಲೂ ಬೇಕು. ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯಲ್ಲಿ ಹುಟ್ಟಿದ ಜೀ. ಶಂ. ಪರಮಶಿವಯ್ಯನವರು (1933–1995) ಹೆಗಲಿಗೆ ಧ್ವನಿಮುದ್ರಣಯಂತ್ರವನ್ನು ಹಾಕಿಕೊಂಡು ಹಳ್ಳಿಗಳನ್ನು ಸುತ್ತಿ, ಕಂಸಾಳೆಯವರಿಂದ, ನೀಲಗಾರರಿಂದ, ಗಣೆಯವರಿಂದ ದೀರ್ಘಕಾವ್ಯಗಳನ್ನು ಸಂಗ್ರಹಿಸಿದರು. ಮಳವಳ್ಳಿ ಸೀಮೆಯ ಬೊಪ್ಪೇಗೌಡನಪುರದಲ್ಲಿ ನೆಲೆಯಿರುವ ಮಂಟೇಸ್ವಾಮಿಯ ಕಾವ್ಯವನ್ನು ಇಬ್ಬರು ನೀಲಗಾರರು ಹಾಡಿದರೆ ಎರಡು ಪಾಠಗಳಾಗುವುವು. ಇವುಗಳಲ್ಲಿ ಯಾವುದು ಶುದ್ಧವೆಂದು ತೀರ್ಮಾನಿಸಿ ಎರಡನ್ನೂ ಕಲಸಿ ಮೂರನೆಯದೊಂದನ್ನು ಸೃಷ್ಟಿಸುವುದು ಸುಲಭ. ಹಾಡಿದವರು ಯಾರು, ಎಲ್ಲಿ, ಯಾವಾಗ ಎಂದು ಬರೆದು ಎರಡನ್ನೂ ಎರಡಾಗಿಯೇ ಉಳಿಸುವುದು ಕಷ್ಟ. ಹಸ್ತಪ್ರತಿಗಳ ಲೋಕದಲ್ಲಿಯೂ ಇದೇ ನಿಯಮವೆಂಬುದನ್ನು ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ' (1964) ಓದಿದವರು ಬಲ್ಲರು: ತನಗೆ ರುಚಿಸಿದ ಪಾಠವನ್ನು ಮೇಲಿಟ್ಟು ಉಳಿದುದನ್ನು ಅಳಿಸಿಬಿಡುವ ಅಧಿಕಾರ ಸಂಪಾದಕನಿಗಿಲ್ಲ, ಪಾಠಾಂತರಗಳನ್ನೆಲ್ಲ ಪುಟದ ಅಡಿಯಲ್ಲಿ ಉಳಿಸಿ, ತನ್ನ ಆಯ್ಕೆ ತಪ್ಪಾಗಿದ್ದರೆ ತಿದ್ದುವ ಅವಕಾಶವನ್ನು ಮುಂದಿನವನಿಗೆ ಬಿಟ್ಟುಕೊಡಬೇಕು. 'ವಡ್ಡಾರಾಧನೆ'ಯನ್ನೂ 'ಶಬ್ದಮಣಿದರ್ಪಣ'ವನ್ನೂ ಸಂಪಾದಿಸಿದ ಅನುಭವದಿಂದ ಬಂದ ಶಾಸ್ತ್ರವದು.

ಇನ್ನು ಪ್ರಾಮಾಣಿಕತೆ. ಕಬ್ಬು ಕಡಿದ ಮೇಲೆ ಬುಡದಿಂದ ತಾನಾಗಿ ಚಿಗುರುವ ಬೆಳೆಯನ್ನು ನಮ್ಮ ಕಡೆ 'ಕೂಳೆ' ಎನ್ನುತ್ತಾರೆ. ಉಳುವುದು ಬೇಡ, ಹೊಸ ಬಿತ್ತನೆ ಬೇಡ. ಒಂದೆರಡು ಸಾರಿ ಲಾಭವೂ ಉಂಟು. ಆದರೆ ಕೂಳೆಯ ಮೇಲೆ ಕೂಳೆಯನ್ನೇ ಬಿಡುತ್ತ ಹೋದರೆ ಗಣ್ಣು ಸಣ್ಣದಾಗಿ, ರೋಗ ಹತ್ತಿ, ರಸ ಬತ್ತುತ್ತದೆ. ಒಬ್ಬರ ಪ್ರಬಂಧದಿಂದ ಮತ್ತೊಬ್ಬರು, ಅವರಿಂದ ಮಗದೊಬ್ಬರು ಎತ್ತಿಕೊಂಡು ಬರೆದ ಗ್ರಂಥಗಳ ಪಾಡು ಇದೇ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯವನ್ನು ತಡೆಯಲು ನಿಯಮಗಳನ್ನು ರಚಿಸಿ, ಶೇಕಡ 10ರವರೆಗಿನ ಹೋಲಿಕೆಯನ್ನು ಮನ್ನಿಸಿ, ಅದಕ್ಕೆ ಮೇಲ್ಪಟ್ಟುದಕ್ಕೆ ಹಂತಹಂತವಾಗಿ ದಂಡನೆಯನ್ನು ವಿಧಿಸಿತು. ನಿಯಮ ಬೇಕಾದುದೇ. ಆದರೆ ಯಂತ್ರ ಅಳೆಯುವುದು ಶಬ್ದಗಳ ಹೋಲಿಕೆಯನ್ನು ಮಾತ್ರ. ಪರರ ವಿಚಾರವನ್ನು ತನ್ನ ಶಬ್ದಗಳಲ್ಲಿ ಮುಚ್ಚಿಟ್ಟವನನ್ನು ಅದು ಹಿಡಿಯಲಾರದು. ಈಗ ಪ್ರಶ್ನೆ ಕೇಳಿದರೆ ಯಂತ್ರವೇ ಉತ್ತರವನ್ನು ಸುಸಂಬದ್ಧವಾಗಿ ಬರೆದುಕೊಡುವ ಕಾಲ ಬಂದಿರುವುದರಿಂದ ಆ ಶೇಕಡದ ಲೆಕ್ಕವೂ ಸಡಿಲವಾಗಿದೆ. ಹೀಗಿರುವಲ್ಲಿ ಉಳಿಯುವ ಕಾವಲುಗಾರ ಒಬ್ಬನೇ, ವಿದ್ಯಾರ್ಥಿಯ ಅಂತಃಸಾಕ್ಷಿ. ಅದಕ್ಕೂ ತರಬೇತಿ ಬೇಕು. ಚಾರ್ಲ್ಸ್ ಡಾರ್ವಿನನು ತನ್ನ ಆತ್ಮಕಥೆಯಲ್ಲಿ, ತನ್ನ ಸಿದ್ಧಾಂತಕ್ಕೆ ವಿರುದ್ಧವಾದ ಸಂಗತಿ ಕಣ್ಣಿಗೆ ಬಿದ್ದರೆ ಅದನ್ನು ತಪ್ಪದೆ ಆ ಕೂಡಲೇ ಬರೆದಿಡುತ್ತಿದ್ದುದಾಗಿ ತಿಳಿಸಿದ್ದಾನೆ. ಅನುಕೂಲವಾದುದಕ್ಕಿಂತ ಪ್ರತಿಕೂಲವಾದುದು ಬೇಗ ಮರೆತುಹೋಗುತ್ತದೆಂಬುದನ್ನು ಆತ ತನ್ನ ಮನಸ್ಸಿನಲ್ಲಿಯೇ ಕಂಡಿದ್ದನು. ತನ್ನ ಮತಕ್ಕೆ ಒಗ್ಗದ ಸಾಕ್ಷ್ಯಕ್ಕಾಗಿ ನೋಟುಪುಸ್ತಕದಲ್ಲಿ ಒಂದು ಪುಟವನ್ನು ಮೀಸಲಿಡುವ ವಿದ್ಯಾರ್ಥಿಗೆ ಪ್ರಾಮಾಣಿಕತೆಯ ಬಗ್ಗೆ ಉಪನ್ಯಾಸ ಬೇಕಾಗುವುದಿಲ್ಲ.

ಇಷ್ಟನ್ನೆಲ್ಲ ಕೇಳಿದ ಮೇಲೆ ನಮ್ಮ ಕಡೆಯ ಒಬ್ಬ ತಾಯಿ ನನ್ನನ್ನು ಕೇಳಬಹುದು: "ಸ್ವಾಮೀ, ಹಸುವಿಗೆ ಹುಲ್ಲು ಕುಯ್ದು, ಹಾಲು ಕರೆದು, ಸೊಸೈಟಿಗೆ ಹಾಕಿ, ಎರಡು ಬಸ್ಸು ಹತ್ತಿ ಕಾಲೇಜಿಗೆ ಹೋಗೋ ನನ್ನ ಮಗಳಿಗೆ ಮತ್ತೆ ಮತ್ತೆ ನೋಡೋಕೆ ಹೊತ್ತೆಲ್ಲಿ?" ಈ ಆಕ್ಷೇಪಣೆಗೆ ಉತ್ತರ ಹೇಳದ ಸಮೀಕ್ಷೆ ಅಪೂರ್ಣ. ಸದಭ್ಯಾಸವೆಂಬುದು ಬಿಡುವುಳ್ಳವರ ಭೂಷಣವಾಗಿ ಬಹುಕಾಲ ನಡೆದುಬಂದಿತೆಂಬುದು ನಿಜ. ನಾನು ಮೇಲೆ ಹೆಸರಿಸಿದವರಲ್ಲಿ ಹಲವರ ಮನೆಗಳಲ್ಲಿ ಹುಟ್ಟುವಾಗಲೇ ಗ್ರಂಥಗಳಿದ್ದವು, ಈ ಹುಡುಗಿಯ ಮನೆಯಲ್ಲಿ ಅವಳೇ ಮೊದಲ ಓದುಗಿತ್ತಿ. ಆದ್ದರಿಂದ ಶೀಲವನ್ನು ವಿದ್ಯಾರ್ಥಿಯೊಬ್ಬನ ಹೊಣೆಯೆಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಮೈಸೂರು ವಿಶ್ವವಿದ್ಯಾನಿಲಯವು 1933ರಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಪ್ರಾಧ್ಯಾಪಕರನ್ನು ಊರುಗಳಿಗೆ ಕಳುಹಿಸಿ, ಅವರ ಮಾತುಗಳನ್ನು ಅಲ್ಪಬೆಲೆಯ ಪುಸ್ತಿಕೆಗಳಾಗಿ ಅಚ್ಚು ಮಾಡಿಸಿದುದರ ಹಿಂದೆ ಈ ವಿವೇಕವಿತ್ತು. ಗ್ರಂಥಗಳಿರುವುದು ಬಳಕೆಗಾಗಿ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಓದುಗನ ಕಾಲವನ್ನು ಉಳಿಸಬೇಕೆಂದು 1931ರಲ್ಲಿ ಸೂತ್ರಗಳನ್ನು ಪ್ರಕಟಿಸಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರಲ್ಲಿ ಬಂದಿತು. ಪಂಚಾಯಿತಿಯ ಗ್ರಂಥಾಲಯವು ಪತ್ರಿಕೆ ತಿರುವಿಹಾಕುವ ಚಾವಡಿಯಾಗಿ ಮಾತ್ರ ಉಳಿಯದೆ, ಒಂದು ಒಳ್ಳೆಯ ನಿಘಂಟು, ತಾಲ್ಲೂಕಿನ ಶಾಸನಸಂಪುಟ, ಸದ್ದಿಲ್ಲದ ಒಂದು ಮೂಲೆ, ಸಂಜೆಯ ದೀಪ ಇಷ್ಟನ್ನು ಒದಗಿಸಿದರೆ ಆ ತಾಯಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಕಾಲುಭಾಗ ವಿದ್ಯೆಯನ್ನು ಕೊಡುವ ಸಹಪಾಠಿಗಳು ಉಳಿದುದರಲ್ಲಿ ಪಾಲುಗೊಳ್ಳಬಲ್ಲರು: ಬಸ್ಸಿನಲ್ಲಿ ಒಟ್ಟಿಗೆ ಹೋಗುವ ಇಬ್ಬರು ಗೆಳತಿಯರು ಪುಸ್ತಕ ಮುಚ್ಚಿ ಒಬ್ಬರಿಗೊಬ್ಬರು ಪಾಠ ಒಪ್ಪಿಸುತ್ತ ಹೋದರೆ, ಬಸ್ಸೇ ಕೂಲಿಮಠವಾಗುತ್ತದೆ. ತಾವು ಓದಿದ ಇಂಗ್ಲಿಷ್ ಪಾಠವನ್ನು ಮನೆಯ ಮಾತಿನಲ್ಲಿ ಹೇಳಲು ತಡವರಿಸಿದರೆ, ಆ ಭಾಗ ತಮಗಿನ್ನೂ ತಿಳಿದಿಲ್ಲವೆಂಬುದು ಅಲ್ಲಿಯೇ ಗೊತ್ತಾಗುತ್ತದೆ. ಕನ್ನಡವು ಈ ಪರೀಕ್ಷೆಯನ್ನು ಪುಕ್ಕಟೆಯಾಗಿ ನಡೆಸಿಕೊಡುತ್ತದೆ.

ದಿನವೆಲ್ಲ ಬಿಡುವಿರಬೇಕೆಂದು ವ್ಯಾಸಂಗಶೀಲವು ಕೇಳುವುದಿಲ್ಲ; ಒಂದು ದಿನವೂ ತಪ್ಪಬಾರದೆಂದು ಮಾತ್ರ ಕೇಳುತ್ತದೆ. ಆತಕೂರಿನ ಕಲ್ಲಿಗೇ ಮತ್ತೊಮ್ಮೆ ಹಿಂದಿರುಗಿದರೆ, ಅದರ ಕೊನೆಯ ಭಾಗದಲ್ಲಿ ಒಂದು ಕಟ್ಟಳೆಯುಂಟು. ಕಲ್ಲಿನ ಪೂಜೆಗಾಗಿ ಬಿಟ್ಟ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿಯ ಸಂಬಂಧವಾದ ಪಾಪ ಅವನಿಗೆ ತಟ್ಟುವುದೆಂದು ಅಲ್ಲಿ ಎಚ್ಚರಿಸಿದೆ. ಅಲ್ಲಿ ದೊಡ್ಡ ಉತ್ಸವದ ವಿಧಿಯಿಲ್ಲ, ಮಹಾಪೂಜೆಯ ವಿವರವಿಲ್ಲ. ಉಣ್ಣುವುದಕ್ಕೆ ಮೊದಲು ಒಮ್ಮೆ ಕಲ್ಲಿನ ಬಳಿಗೆ ಹೋಗಿ ಬಾ ಎಂಬಷ್ಟೇ ನಿತ್ಯದ ನಿಯಮ. ಗೆಜ್ಜಲಗೆರೆಯ ಆ ಹುಡುಗಿ ಸಂಜೆಯ ಹಾಲನ್ನು ಸೊಸೈಟಿಗೆ ಹಾಕಿ, ಡಿಗ್ರಿ ಬರೆದ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದು, ಮುದ್ದೆಯ ತಟ್ಟೆಗೆ ಕುಳಿತುಕೊಳ್ಳುವ ಮೊದಲು, ಬೆಳಗ್ಗೆ ತರಗತಿಯಲ್ಲಿ ಬರೆದುಕೊಂಡ ಒಂದು ಪುಟವನ್ನು ತೆರೆದು, ಅದರಲ್ಲಿ ತನಗೆ ಗೊತ್ತಿದೆಯೆಂದು ತೋರುವ ಒಂದು ಶಬ್ದವನ್ನು ನಿಘಂಟಿನಲ್ಲಿ ನೋಡಿದಳಾದರೆ, ಆ ದಿನದ ಪೂಜೆ ಸಂದಂತೆ.